ಔಷಧಿಯಲ್ಲಿ ನೆನೆಸಿದ ಬೀಜದ ತಳಿ ಕೆಡುತ್ತದೆಯೇ?

ಓದುಗರ ಪ್ರಶ್ನೆ: ನಾನು ಟೊಮೆಟೊ ಬೆಳೆಯುತ್ತೇನೆ. ಹೋದ ಬಾರಿ ಪ್ಯಾಕೆಟ್ ಬೀಜ ತಂದು ಬೆಳೆದಿದ್ದೆ. ಹಣ್ಣು ಚೆನ್ನಾಗಿ ಬಂತು. ಅದರಿಂದಲೇ ಬೀಜ ತೆಗೆದಿಟ್ಟುಕೊಂಡೆ. ಈ ಬಾರಿ ಅದರಲ್ಲಿ ಒಂದಷ್ಟನ್ನು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತಿದೆ. ರೋಗ ಬರಬಾರದು ಅಂತ ಔಷಧಿ ಎರಡು ಪಟ್ಟು ಹಾಕಿದ್ದೆ. ಸಸಿಮಡಿಗೆ ಪೆಂಡಿಮೆಥಾಲಿನ್ ಕಳೆನಾಶಕವನ್ನೂ ಹೊಡೆದಿದ್ದೆ. ಮೊಳಕೆ ತಡವಾಗಿ ಬಂತು. ಕೆಲವು ಸಸಿಗಳ ಬೇರಿನ ತುದಿ ಗದೆಯ ಹಾಗೆ ಊದಿತ್ತು. ಮೂರ್ನಾಲ್ಕು ಸಸಿ ಬೆಳ್ಳಗೆ ಹುಟ್ಟಿ ಸತ್ತವು. ನಾಟಿಯಾಗಿ ತಿಂಗಳ ಮೇಲೆ, ಪಕ್ಕದ ಹೊಲದವರು 2,4-ಡಿ ಕಳೆನಾಶಕ ಹೊಡೆದರು. ಆ ಬದಿಯ ಸಾಲುಗಳಲ್ಲಿ ಎಲೆ ದಾರದ ಹಾಗೆ ಕಿರಿದಾಗಿ ತಿರುಚಿಕೊಂಡಿತು. ಉಳಿದ ಗಿಡಗಳಲ್ಲಿ ಹಣ್ಣು ಬಂದಿದೆ. ಆದರೆ ಒಂದರದು ಗುಂಡಗೆ, ಒಂದರದು ಉದ್ದ, ಇನ್ನೊಂದರದು ಗೋಲಿಯಷ್ಟು ಸಣ್ಣ. ಕಾಲೇಜಿನಲ್ಲಿ ಓದುವ ಮಗಳು ಅದೇ ಕಾರ್ಬೆಂಡಜಿಮ್‌ನಲ್ಲಿ ಈರುಳ್ಳಿ ಬೇರು ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದಳು. "ಅಪ್ಪಾ, ಜೀವಕೋಶದಲ್ಲಿ ತಳಿಯ ಗುಣಗಳನ್ನು ಹೊತ್ತಿರುವ ವರ್ಣತಂತುಗಳು ಚೂರುಚೂರಾಗಿವೆ, ನಮ್ಮ ಬೀಜದ ತಳಿಯೇ ಕೆಟ್ಟಿದೆ" ಅನ್ನುತ್ತಾಳೆ. ನಿಜವೇ? ಬೀಜವನ್ನೆಲ್ಲ ಎಸೆಯಬೇಕೇ? ಈ ಹಣ್ಣು ತಿಂದವರಿಗೂ ತೊಂದರೆಯೇ?

ಉತ್ತರ:

ಮೊದಲು ನಿಮ್ಮ ಮಗಳಿಗೆ ಶಹಬ್ಬಾಸ್. ಅನುಮಾನ ಬಂದಾಗ ಸುಮ್ನೆ ಕೂರದೆ ಪರೀಕ್ಷೆ ಮಾಡಿ ನೋಡಿದ್ದಾಳೆ. ಅವಳು ಕಂಡದ್ದು ಸುಳ್ಳಲ್ಲ. ಆದರೆ ಅದಕ್ಕೆ ಕೊಟ್ಟ ಅರ್ಥದಲ್ಲಿ ಸ್ವಲ್ಪ ತಪ್ಪಿದ್ದಾಳೆ. ಅಂಥ ತಪ್ಪನ್ನು ನಾನೂ ಮಾಡಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಭಯ ಒಂದೇ, ಆದರೆ ಘಟನೆಗಳು ಐದು. ಊದಿದ ಬೇರು, ಬಿಳಿ ಸಸಿ, ತಿರುಚಿದ ಎಲೆ, ಬೇರೆ ಬೇರೆ ಆಕಾರದ ಹಣ್ಣು, ಈರುಳ್ಳಿ ಬೇರಿನ ಸ್ಲೈಡು. ಐದನ್ನೂ ನೀವು ಒಂದೇ ದಾರದಲ್ಲಿ ಪೋಣಿಸಿ "ತಳಿ ಕೆಟ್ಟಿತು" ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಈ ಐದಕ್ಕೂ ಕಾರಣ ಒಂದೇ ಅಲ್ಲ. ಅದರಲ್ಲೂ ನಿಮ್ಮನ್ನು ಜಾಸ್ತಿ ಹೆದರಿಸಿರುವ ಹಣ್ಣಿನ ವಿಷಯಕ್ಕೆ ಯಾವ ಔಷಧಿಯೂ ಕಾರಣವಲ್ಲ.

ಅದನ್ನೇ ಮೊದಲು ಮುಗಿಸಿಬಿಡೋಣ. ಹಳೆಯ ಪ್ಯಾಕೆಟ್ ಇದ್ದರೆ ತೆಗೆದು ನೋಡಿ. ಅದರ ಮೇಲೆ ಹೈಬ್ರಿಡ್ ಅಂತಲೋ ಎಫ್1 ಅಂತಲೋ ಬರೆದಿರುತ್ತದೆ ಅನ್ನುವುದು ನನ್ನ ಊಹೆ. ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಬೀಜ ಅದು. ಮೊದಲ ಪೀಳಿಗೆ ಅಚ್ಚು ಹೊಡೆದ ಹಾಗೆ ಒಂದೇ ಸಮ ಇರುತ್ತದೆ. ಅದರ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳು ಒಂದೊಂದು ಗಿಡದಲ್ಲಿ ಒಂದೊಂದು ರೀತಿ ಹೊರಬರುತ್ತವೆ. ಗುಂಡಗೆ, ಉದ್ದಕ್ಕೆ, ಸಣ್ಣಗೆ ಎಲ್ಲ ಬರುವುದು ಅದರಿಂದಲೇ. ಔಷಧಿಯನ್ನೇ ಸೋಕಿಸದೆ ಬೆಳೆದಿದ್ದರೂ ಹೀಗೇ ಆಗುತ್ತಿತ್ತು. "ರಾಸಾಯನಿಕದಿಂದ ತಳಿ ಕೆಟ್ಟಿದೆ" ಎಂಬ ದೂರಿನೊಂದಿಗೆ ನನ್ನ ಬಳಿ ಬಂದ ಬೀಜಗಳಲ್ಲಿ ಹೆಚ್ಚಿನವು ಹೈಬ್ರಿಡ್‌ನಿಂದ ತೆಗೆದದ್ದು, ಇಲ್ಲವೇ ಬೇರೆ ತಳಿ ಬೆರಕೆಯಾದದ್ದು.

ಈಗ ಈರುಳ್ಳಿಗೆ ಬರೋಣ. ಇಷ್ಟು ಗಿಡಗಳಿರುವಾಗ ಈ ಪರೀಕ್ಷೆಗೆ ಈರುಳ್ಳಿಯೇ ಯಾಕೆ ಬೇಕು? ಅದರ ಜೀವಕೋಶದಲ್ಲಿ ಇರುವುದು 16 ವರ್ಣತಂತು ಮಾತ್ರ, ಒಂದೊಂದೂ ದಪ್ಪ, ಉದ್ದ. ಟೊಮೆಟೊದಲ್ಲಿ 24 ಇವೆ, ಆದರೆ ಪುಟಾಣಿ ಚುಕ್ಕೆಗಳ ಹಾಗೆ. ಈರುಳ್ಳಿ ಗಡ್ಡೆಯ ತಳವನ್ನು ನೀರಿಗೆ ತಾಗಿಸಿಟ್ಟರೆ ಎರಡು ಮೂರು ದಿನದಲ್ಲಿ ಬೇರು ಬರುತ್ತದೆ. ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿದರೆ ಎರಡಾಗಿ ಒಡೆಯುತ್ತಿರುವ ಕೋಶಗಳು ಕಾಣುತ್ತವೆ. 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಕಾಲ್ಚಿಸಿನ್ ಎಂಬ ವಸ್ತು ಈರುಳ್ಳಿ ಬೇರಿನಲ್ಲಿ ಏನು ಮಾಡುತ್ತದೆ ಎಂದು ತೋರಿಸಿದ್ದೇ ಈ ಪರೀಕ್ಷೆಯ ಮೂಲ. ಮನುಷ್ಯನಲ್ಲಿ ಇರುವುದು 48 ಅಲ್ಲ, 46 ವರ್ಣತಂತು ಎಂದು 1956ರಲ್ಲಿ ತಿಳಿಸಿದ ಇಬ್ಬರಲ್ಲಿ ಇವರೂ ಒಬ್ಬರು.

ಕೋಶ ಎರಡಾಗುವಾಗ ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುತ್ತವೆ. ಕದಿರಿನ ಆಕಾರದಲ್ಲಿ ಕಟ್ಟಿಕೊಂಡ ಸಣ್ಣ ಎಳೆಗಳು (ಈ ಕಟ್ಟನ್ನೇ ಕದಿರು ಅನ್ನುತ್ತೇವೆ) ಅವನ್ನು ಆ ಕಡೆಗೆ ಅರ್ಧ, ಈ ಕಡೆಗೆ ಅರ್ಧ ಎಳೆಯುತ್ತವೆ. ಈ ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಆದವು. ಕಾರ್ಬೆಂಡಜಿಮ್ ಶಿಲೀಂಧ್ರವನ್ನು ಕೊಲ್ಲುವುದು ಅದರ ಟ್ಯೂಬುಲಿನ್‌ಗೆ ಅಂಟಿಕೊಂಡು. ಎಳೆಗಳೇ ಕಟ್ಟಿಕೊಳ್ಳದಿದ್ದರೆ ಕೋಶ ಒಡೆಯುವುದು ಹೇಗೆ? ಗಿಡದ ಟ್ಯೂಬುಲಿನ್ ಸ್ವಲ್ಪ ಬೇರೆ ಥರ, ಅದಕ್ಕೆ ಈ ಔಷಧಿ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಅದಕ್ಕೇ ಬೂಷ್ಟು ಸಾಯುತ್ತದೆ, ಗಿಡ ಉಳಿಯುತ್ತದೆ. ಆದರೆ ಪ್ರಮಾಣ ಜಾಸ್ತಿ ಮಾಡಿ ಬೇರನ್ನು ಗಂಟೆಗಟ್ಟಲೆ ಮುಳುಗಿಸಿಟ್ಟರೆ ಗಿಡದ ಕದಿರೂ ಕುಸಿಯುತ್ತದೆ. ಆಗ ವರ್ಣತಂತುಗಳು ಎಳೆಯುವವರಿಲ್ಲದೆ ಕೋಶದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ.

ಹೊಸಬರ ಕಣ್ಣಿಗೆ ಇದು ಥೇಟ್ ಚೂರಾದ ಹಾಗೇ ಕಾಣುತ್ತದೆ. ಆದರೆ ಚೆಲ್ಲುವುದೇ ಬೇರೆ, ಮುರಿಯುವುದೇ ಬೇರೆ. ಮಗಳಿಗೆ ಒಂದು ಕೆಲಸ ಹೇಳಿ: ಅಂಥ ಒಂದು ಕೋಶ ಹುಡುಕಿ ಎಣಿಸಲಿ. 16 ಸಿಕ್ಕರೆ ಒಂದೂ ಮುರಿದಿಲ್ಲ, ಸುಮ್ನೆ ಹರಡಿವೆ. 32 ಸಿಕ್ಕರೂ ಗಾಬರಿ ಬೇಡ, ಕೋಶ ಒಡೆಯಲಾಗದೆ ವರ್ಣತಂತು ಮಾತ್ರ ಇಮ್ಮಡಿಯಾಗಿದೆ. ನಿಜವಾಗಿ ಮುರಿದರೆ ಚಿತ್ರವೇ ಬೇರೆ. ಎರಡು ಗುಂಪುಗಳ ನಡುವೆ ಸೇತುವೆ ಕಟ್ಟಿದ ಹಾಗೆ ಎಳೆದುಕೊಂಡ ವರ್ಣತಂತು, ಪಕ್ಕದಲ್ಲಿ ಒಂಟಿಯಾಗಿ ಉಳಿದ ತುಂಡು, ಮುಂದಿನ ಹಂತದಲ್ಲಿ ದೊಡ್ಡ ಕೋಶಕೇಂದ್ರದ ಪಕ್ಕ ಒಂದು ಮರಿ ಕೋಶಕೇಂದ್ರ, ಇವನ್ನು ಹುಡುಕಬೇಕು. ಈ ಮರಿಗೆ ಮೈಕ್ರೋನ್ಯೂಕ್ಲಿಯಸ್ ಅನ್ನುತ್ತೇವೆ. ಇಡೀ ವರ್ಣತಂತು ಹಿಂದೆ ಬಿದ್ದರೂ ಇದು ಆಗಬಹುದು, ಆದ್ದರಿಂದ ಇದೊಂದನ್ನೇ ನೋಡಿ ಮುರಿದಿದೆ ಅನ್ನಲಾಗದು. ನಾನು ಕಲಿಯುತ್ತಿದ್ದಾಗ ಒಂದು ವಾರ ಕೂತು ಇಂಥ ಮರಿಗಳನ್ನು ಎಣಿಸಿ ದೊಡ್ಡ ಸಂಖ್ಯೆ ಬರೆದಿಟ್ಟಿದ್ದೆ. ಅರ್ಧಕ್ಕರ್ಧ ಬಣ್ಣದ ಗಸಿ. ಬಣ್ಣ ಸೋಸಿರಲಿಲ್ಲ.

ಎಲ್ಲ ಕೃಷಿ ರಾಸಾಯನಿಕಗಳೂ ಡಿಎನ್‌ಎ ಮೇಲೆ ದಾಳಿ ಮಾಡುತ್ತವೆ ಅನ್ನುವುದು ಸುಳ್ಳು. ಯಾವುದೂ ಮಾಡುವುದಿಲ್ಲ ಅನ್ನುವುದೂ ಅಷ್ಟೇ ಸುಳ್ಳು. ಕಾರ್ಬೆಂಡಜಿಮ್, ಪೆಂಡಿಮೆಥಾಲಿನ್, ಟ್ರೈಫ್ಲುರಾಲಿನ್ ಇವೆಲ್ಲ ಕದಿರು ಕೆಡಿಸುವ ಗುಂಪು. ಗ್ಲೈಫೋಸೇಟ್ ಎಂಬ ಕಳೆನಾಶಕ, ಗಿಡವು ಕೆಲವು ಅಮೈನೋ ಆಮ್ಲ ತಯಾರಿಸುವ ದಾರಿಯನ್ನು ಮುಚ್ಚುತ್ತದೆ. 2,4-ಡಿ ಗಿಡದ ಬೆಳವಣಿಗೆಯ ಹಾರ್ಮೋನಿನ ವೇಷ ಹಾಕಿಕೊಂಡು ಬರುತ್ತದೆ. ಪ್ಯಾರಾಕ್ವಾಟ್ ಕಳೆನಾಶಕ ಎಲೆಯೊಳಗೆ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಅವು ಸಿಕ್ಕಿದ್ದನ್ನೆಲ್ಲ ಸುಡುತ್ತವೆ, ದಾರಿಯಲ್ಲಿ ಡಿಎನ್‌ಎ ಸಿಕ್ಕರೆ ಅದನ್ನೂ. ತಾಮ್ರ ಅತಿಯಾದರೂ ಹೀಗೇ.

ನೇರವಾಗಿ ಡಿಎನ್‌ಎಗೆ ಕೈಹಾಕುವವೂ ಇದ್ದವು. ಮಣ್ಣಿಗೆ ಹಾಕುತ್ತಿದ್ದ ಎಥಿಲೀನ್ ಡೈಬ್ರೋಮೈಡ್ ಅಂಥದ್ದು. ಮಣ್ಣಿಗೆ ಅದನ್ನು ಹಾಕುವುದನ್ನು ಅಮೆರಿಕ 1983ರಲ್ಲಿ ತುರ್ತಾಗಿ ನಿಲ್ಲಿಸಿತು. ಇನ್ನೊಂದು ಮಾಲೆಯಿಕ್ ಹೈಡ್ರಜೈಡ್. ಈರುಳ್ಳಿ, ಆಲೂಗಡ್ಡೆ ಗೋದಾಮಿನಲ್ಲಿ ಮೊಳೆಯದಿರಲಿ ಎಂದು ಹೊಲದಲ್ಲೇ ಇದನ್ನು ಹೊಡೆಯುತ್ತಾರೆ. ಇದು ಅವರೆ ಜಾತಿಯ ಒಂದು ಗಿಡದ ಬೇರಿನಲ್ಲಿ ವರ್ಣತಂತುಗಳನ್ನು ನಿಜವಾಗಿಯೇ ಮುರಿಯುತ್ತದೆ ಎಂದು 1951ರಲ್ಲಿ ಡಾರ್ಲಿಂಗ್ಟನ್ ಮತ್ತು ಮೆಕ್‌ಲೀಶ್ ತೋರಿಸಿದರು. ಪ್ರಾಣಿಗಳ ಕೋಶದಲ್ಲಿ ಮಾತ್ರ ಅದರ ಪ್ರಭಾವ ಬಹಳ ಕಡಿಮೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಔಷಧಿಗಳು ಮಾರುಕಟ್ಟೆಗೆ ಬರುವ ಮುಂಚೆ ಬ್ಯಾಕ್ಟೀರಿಯಾ, ಇಲಿಗಳಲ್ಲಿ ಅವುಗಳ ಪರೀಕ್ಷೆಯಾಗುತ್ತದೆ. ಆದರೆ ಗಿಡವೂ ಒಂದು ಅಡುಗೆಮನೆ, ಒಳಗೆ ಬಂದದ್ದನ್ನು ಬೇರೆಯಾಗಿ ಪರಿವರ್ತಿಸುತ್ತದೆ. ಅಟ್ರಜಿನ್ ಕಳೆನಾಶಕ ತಾನಾಗಿ ಸೂಕ್ಷ್ಮಜೀವಿಗಳಲ್ಲಿ ರೂಪಾಂತರ (ಅಂದರೆ ತಳಿಗುಣದಲ್ಲಿ ಬದಲಾವಣೆ) ಮಾಡಲಿಲ್ಲ, ಆದರೆ ಅದನ್ನು ಹಾಕಿದ ಮೆಕ್ಕೆಜೋಳದ ಗಿಡದ ರಸ ಮಾಡಿತು ಎಂದು 1976ರಲ್ಲಿ ಪ್ಲೀವಾ ಮತ್ತು ಜೆಂಟೈಲ್ ವರದಿ ಮಾಡಿದರು. ಆದ್ದರಿಂದ ಇಲಿಯ ಪರೀಕ್ಷೆ ಪಾಸಾದರೆ ಬೆಳೆಯ ಕೋಶಕ್ಕೂ ಏನೂ ಆಗದು ಎಂದು ಕಣ್ಣುಮುಚ್ಚಿ ಹೇಳುವವರನ್ನು ನಾನು ನಂಬುವುದಿಲ್ಲ. ಈರುಳ್ಳಿ ಪರೀಕ್ಷೆ ಫೇಲಾದ ಕೂಡಲೇ ಬೆಳೆಯೇ ವಿಷ ಅನ್ನುವವರನ್ನೂ ನಂಬುವುದಿಲ್ಲ.

ಯಾಕೆಂದರೆ ಪ್ರಮಾಣದ ಪ್ರಶ್ನೆ ಇದೆ. ಮಗಳ ಲೋಟದಲ್ಲಿ ಬೇರು ಒಂದು ದಿನವಿಡೀ ಔಷಧಿಯಲ್ಲೇ ಕೂತಿತ್ತು. ಹೊಲದಲ್ಲಿ ಏನಾಗುತ್ತದೆ ನೋಡಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕೆಜಿ ತೂಗುತ್ತದೆ. ಅದಕ್ಕೆ 1 ಕೆಜಿ ಅಸಲಿ ಔಷಧಿ ಬಿದ್ದು ಸಮವಾಗಿ ಬೆರೆತರೆ ಒಂದು ಕೆಜಿ ಮಣ್ಣಿಗೆ ಬರುವುದು ಅರ್ಧ ಮಿಲಿಗ್ರಾಂ. ಬೆರೆಯದೆ ಮೇಲಿನ 2 ಸೆಂಟಿಮೀಟರಿನಲ್ಲೇ ಉಳಿದರೆ ನಾಲ್ಕು ಮಿಲಿಗ್ರಾಂ ಹತ್ತಿರ. ಅದರಲ್ಲೂ ಬಹುಪಾಲು ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಬೇರನ್ನು ಇಡುವ ನೀರಿನಲ್ಲಿ ಎಷ್ಟೋ ಸಲ ಲೀಟರಿಗೆ ಹತ್ತಾರು, ನೂರಾರು ಮಿಲಿಗ್ರಾಂ ಇರುತ್ತದೆ.

ಈ ಲೆಕ್ಕ ಕೇಳಿ ನಿಟ್ಟುಸಿರು ಬಿಡುವ ಮುಂಚೆ ಇನ್ನೊಂದು ಲೆಕ್ಕ. ಶೇ. 50 ಅಸಲಿ ಅಂಶ ಇರುವ ಪುಡಿಯನ್ನು ಲೀಟರ್ ನೀರಿಗೆ 2 ಗ್ರಾಂ ಹಾಕಿದರೆ ಅದರಲ್ಲಿ 1,000 ಮಿಲಿಗ್ರಾಂ ಔಷಧಿ. ಎರಡು ಪಟ್ಟು ಹಾಕಿದರೆ 2,000. ನೀವು ಬೀಜ ನೆನೆಸಿದ್ದು ಇಂಥ ನೀರಿನಲ್ಲಿ, ರಾತ್ರಿಯಿಡೀ. ಅಂದರೆ ಹೊಲದಲ್ಲಿ ಸಿಂಪಡಿಸುವುದಕ್ಕಿಂತ ನಿಮ್ಮ ಬಟ್ಟಲು ಮಗಳ ಲೋಟಕ್ಕೇ ಹತ್ತಿರ. ಬೀಜ ನೀರು ಕುಡಿದು ಉಬ್ಬುವ ಹೊತ್ತಿನಲ್ಲಿ ಅದರ ಕೋಶಗಳು ಒಡೆಯಲು ಸಜ್ಜಾಗುತ್ತಿರುತ್ತವೆ. ಅದೇ ಗಳಿಗೆಯಲ್ಲಿ ಕದಿರು ಕೆಡಿಸುವ ಔಷಧಿ ಒಳಗೆ ಹೋಯಿತು. ಮೊಳಕೆ ತಡವಾದದ್ದಕ್ಕೆ ಇದೇ ಕಾರಣ ಅನ್ನುವುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಬೀಜೋಪಚಾರಕ್ಕೆ ಸಾಮಾನ್ಯವಾಗಿ ಹೇಳುವುದು ಒಣ ಪುಡಿಯನ್ನು ಬೀಜಕ್ಕೆ ತೆಳುವಾಗಿ ಸವರಲು. ಕೆಜಿ ಬೀಜಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕ ಅದಕ್ಕೇ ಇರುವುದು. ಲೀಟರಿನ ಲೆಕ್ಕವನ್ನು ಬೀಜಕ್ಕೆ ತಂದದ್ದೇ ಎಡವಟ್ಟು.

ಗದೆಯಂತೆ ಊದಿದ ಬೇರು ಪೆಂಡಿಮೆಥಾಲಿನ್ ಗುಂಪಿನ ಸಹಿ ಇದ್ದ ಹಾಗೆ. ಕೋಶ ಉದ್ದಕ್ಕೆ ಬೆಳೆಯಲಾಗದೆ, ಒಡೆಯಲೂ ಆಗದೆ ಅಡ್ಡಡ್ಡ ಉಬ್ಬುತ್ತದೆ. ಈ ಕಳೆನಾಶಕ ಮಣ್ಣಿನ ಮೇಲ್ಪದರಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೆಳಗೆ ಇಳಿಯದೆ ಇರುತ್ತದೆ. ಬೆಳೆಯ ಬೀಜ ಆಳದಲ್ಲಿದ್ದರೆ, ಇಲ್ಲವೇ ಬೆಳೆದ ಸಸಿಯ ಬೇರು ಆ ಪದರ ದಾಟಿದ್ದರೆ ಬಚಾವ್. ಟೊಮೆಟೊ ಬೀಜ ಚಿಕ್ಕದು, ಮೇಲ್ಮೇಲೆ ಬಿತ್ತುತ್ತೇವೆ. ಮೊದಲ ಬೇರು ಬಿಡುವುದೇ ಆ ಪದರದಲ್ಲಿ. ನಾಟಿ ಮಾಡುವ ಹೊಲಕ್ಕೆ ಹೇಳಿದ ಔಷಧಿಯನ್ನು ಸಸಿಮಡಿಗೆ ಹೊಡೆದರೆ ಹೀಗಾಗುತ್ತದೆ.

ತಿರುಚಿದ ಎಲೆ 2,4-ಡಿಯದ್ದೇ. ಟೊಮೆಟೊ, ಹತ್ತಿ, ದ್ರಾಕ್ಷಿ ಇದಕ್ಕೆ ಬಹಳ ಸೂಕ್ಷ್ಮ, ಗಾಳಿಯಲ್ಲಿ ತೇಲಿ ಬಂದ ಹನಿಯೂ ಸಾಕು. ಒಂದು ಮಾತು, ಎಲೆ ದಾರದಂತಾಗುವುದು ಸೌತೆ ಮೊಸಾಯಿಕ್ ವೈರಸ್ಸಿನಿಂದಲೂ ಉಂಟು. ವ್ಯತ್ಯಾಸ ಹುಡುಕಲು ಮೈಕ್ರೋಸ್ಕೋಪ್ ಬೇಡ. ಬದುವಿನ ಬಳಿಯ ಅಗಲ ಎಲೆಯ ಕಳೆಗಳನ್ನು ನೋಡಿ. ಅವೂ ತಿರುಚಿದ್ದರೆ, ಹೊಲದೊಳಗೆ ಹೋದಂತೆ ತೊಂದರೆ ಕಡಿಮೆಯಾಗುತ್ತ ಬಂದಿದ್ದರೆ ಅದು ತೇಲಿ ಬಂದ ಔಷಧಿ. ವೈರಸ್ ಅಷ್ಟು ಶಿಸ್ತಾಗಿ ಒಂದು ಬದಿಯಿಂದ ಬರುವುದಿಲ್ಲ, ಅಲ್ಲಲ್ಲಿ ಗಿಡ ಹಿಡಿಯುತ್ತದೆ.

ಬಿಳಿ ಸಸಿ ಮೂರ್ನಾಲ್ಕೇ ಆದ್ದರಿಂದ ತಲೆ ಕೆಡಿಸಿಕೊಳ್ಳಬೇಡಿ. ಹಸಿರು ತಯಾರಿಸುವ ಯಾವುದೋ ಜೀನ್ ಕೆಟ್ಟ ರೂಪದಲ್ಲಿ ಅಡಗಿದ್ದು, ಎರಡೂ ಕಡೆಯಿಂದ ಕೂಡಿ ಬಂದಾಗ ಬಿಳಿ ಸಸಿ ಹುಟ್ಟುತ್ತದೆ. ಹೈಬ್ರಿಡ್‌ನ ಮುಂದಿನ ಪೀಳಿಗೆಯಲ್ಲಿ ಅಂಥದ್ದು ಹೊರಬೀಳುವುದು ಹೊಸದಲ್ಲ. ಈ ಬಾರಿಯ ಔಷಧಿ ಅದನ್ನು ಮಾಡಿರಲಾರದು. ಅಂಥ ಜೀನು ಈಗ ಹೊಸದಾಗಿ ಕೆಟ್ಟರೆ ಸಾಮಾನ್ಯವಾಗಿ ಒಂದು ಪ್ರತಿ ಮಾತ್ರ ಕೆಡುತ್ತದೆ, ಜೊತೆಗಿರುವ ಇನ್ನೊಂದು ಪ್ರತಿ ಕೆಲಸ ಸಾಗಿಸುತ್ತದೆ, ಸಸಿ ಹಸಿರಾಗಿಯೇ ಇರುತ್ತದೆ. ಬಿಳುಪು ಕಾಣುವುದು ಅದರ ಮಕ್ಕಳಲ್ಲಿ, ನಾಲ್ಕರಲ್ಲಿ ಒಂದರಂತೆ.

ಇದು ನಮ್ಮ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬರುವ ಸೂತ್ರ. ಔಷಧಿ ತಾಗಿದ ಗಿಡದಲ್ಲೇ, ಅದೇ ವರ್ಷ, ಸಾಲು ಸಾಲಾಗಿ ಎಲ್ಲ ಗಿಡದಲ್ಲೂ ಒಂದೇ ಥರ ಕಂಡದ್ದು ಗಾಯ. ಹೊಸ ಚಿಗುರಿನಲ್ಲಿ ಅದು ವಾಸಿಯಾಗುತ್ತ ಬರುತ್ತದೆ. ತಳಿಯಲ್ಲಿ ಆದ ಬದಲಾವಣೆ ಹಾಗಲ್ಲ, ಎಲ್ಲೋ ಒಂದು ಗಿಡದ ಒಂದು ಕೊಂಬೆಯಲ್ಲಿ ಸದ್ದಿಲ್ಲದೆ ಕೂತು ಮುಂದಿನ ಪೀಳಿಗೆಯಲ್ಲಿ ತಲೆ ಎತ್ತುತ್ತದೆ. ನೂರು ಗಿಡದಲ್ಲಿ ಒಂದೇ ಸಲ ಒಂದೇ ರೂಪಾಂತರ ಆಗುವುದಿಲ್ಲ.

ಸರಿ, ಹಾಗಾದರೆ ಬೇರಿನಲ್ಲಿ ನಿಜವಾಗಿಯೂ ವರ್ಣತಂತು ಮುರಿದರೆ ಅದು ಬೀಜಕ್ಕೆ ಹೋಗುತ್ತದೆಯೇ? ಬೇರಿನಿಂದ ಹೋಗಲು ದಾರಿಯೇ ಇಲ್ಲ. ಬೀಜ ಆಗುವುದು ಹೂವಿನಿಂದ, ಹೂ ಬರುವುದು ಕುಡಿಯ ತುದಿಯ ಕೆಲವೇ ಕೋಶಗಳಿಂದ. ಆ ತುದಿಯಲ್ಲಿ ಪದರಗಳಿವೆ. ಪರಾಗ, ಅಂಡ ಹುಟ್ಟುವುದು ಮುಖ್ಯವಾಗಿ ಎರಡನೇ ಪದರದಿಂದ. ಹೊರ ಪದರದಲ್ಲಿ ಆದ ಹಾನಿ ಆ ಎಲೆಯೊಂದಿಗೇ ಉದುರಿ ಹೋಗುತ್ತದೆ. ಎರಡನೇ ಪದರದಲ್ಲೇ ಆಯಿತು ಅನ್ನಿ. ವರ್ಣತಂತು ಮುರಿದ ಕೋಶ ನಿಧಾನವಾಗಿ ಒಡೆಯುತ್ತದೆ, ಪಕ್ಕದ ಆರೋಗ್ಯವಂತ ಕೋಶಗಳು ಅದನ್ನು ಹಿಂದೆ ಹಾಕಿ ಜಾಗ ಹಿಡಿಯುತ್ತವೆ. ಗಿಡದೊಳಗೆ ರಿಪೇರಿ ವ್ಯವಸ್ಥೆಯೂ ಜೋರಾಗಿದೆ. ಬಿಸಿಲಿನ ನೇರಳಾತೀತ ಕಿರಣದಿಂದ ದಿನವೂ ಆಗುವ ಹಾನಿಯನ್ನು ಅದೇ ಬಿಸಿಲಿನ ನೀಲಿ ಬೆಳಕನ್ನು ಬಳಸಿಕೊಂಡು ಸರಿಮಾಡುವ ಕಿಣ್ವ ಅದಕ್ಕಿದೆ. ರಿಪೇರಿಗೆ ಸಿಗದಷ್ಟು ಹಾಳಾದ ಬೆಳವಣಿಗೆಯ ಕೋಶಗಳನ್ನು ಗಿಡವೇ ಸಾಯಲು ಬಿಡುತ್ತದೆ. ಇಷ್ಟೆಲ್ಲ ದಾಟಿ ಉಳಿದರೂ ಪರಾಗ ತಯಾರಾಗುವಾಗ ಮತ್ತೊಂದು ಜರಡಿ. ದೊಡ್ಡ ತುಂಡು ಕಳೆದುಕೊಂಡ ಪರಾಗ ಸಾಮಾನ್ಯವಾಗಿ ಜೊಳ್ಳಾಗುತ್ತದೆ.

ಜರಡಿಯಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ ಅಂತಲ್ಲ. ಡಿಎನ್‌ಎಯ ಬರಹದಲ್ಲಿ ಆಗುವ ಸಣ್ಣ ಅಕ್ಷರದೋಷಗಳು ದಾಟುತ್ತವೆ. ಅವು ಔಷಧಿ ಇಲ್ಲದೆಯೂ ಆಗುತ್ತವೆ. ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಎಣಿಸಿ ನೋಡಿದಾಗ ಪೀಳಿಗೆಗೆ 100 ಕೋಟಿ ಅಕ್ಷರಕ್ಕೆ ಸುಮಾರು 7 ತಾನಾಗಿಯೇ ಬದಲಾಗುತ್ತವೆ ಎಂದು ತಿಳಿಯಿತು. ಹಳೆಯ ಬೀಜದಲ್ಲಂತೂ ಸುಮ್ಮನೆ ಇಟ್ಟಲ್ಲೇ ವರ್ಣತಂತು ಮುರಿಯುತ್ತದೆ, ಬಿಸಿ ಮತ್ತು ತೇವ ಇದ್ದರೆ ಇನ್ನೂ ಬೇಗ. ಸೆಕೆಯ ಕೋಣೆಯಲ್ಲಿ ವರ್ಷಗಟ್ಟಲೆ ಇಟ್ಟ ಬೀಜಕ್ಕೆ ಹೆದರದವರು ಔಷಧಿಗೆ ಮಾತ್ರ ಹೆದರುವುದನ್ನು ಕಂಡಾಗ ನನಗೆ ಸ್ವಲ್ಪ ನಗು ಬರುತ್ತದೆ.

ಬೇಕೆಂದೇ ರೂಪಾಂತರ ಮಾಡುವವರನ್ನು ಕೇಳಿ ನೋಡಿ. 1928ರಲ್ಲಿ ಸ್ಟ್ಯಾಡ್ಲರ್ ಬಾರ್ಲಿಗೆ ಎಕ್ಸ್‌ರೇ ಹಾಯಿಸಿ ದಾರಿ ತೋರಿಸಿದ ಮೇಲೆ ಲೋಕದಲ್ಲಿ 3,000ಕ್ಕೂ ಹೆಚ್ಚು ತಳಿಗಳು ಹೀಗೆ ಬಂದಿವೆ. ಇಂದು ಅದಕ್ಕೆ ಬಳಸುವ ಇಎಂಎಸ್ ಎಂಬ ರಾಸಾಯನಿಕ ಡಿಎನ್‌ಎ ಅಕ್ಷರವನ್ನೇ ತಿದ್ದುತ್ತದೆ. ಬೀಜವನ್ನು ಅದರಲ್ಲಿ ಗಂಟೆಗಟ್ಟಲೆ ನೆನೆಸಿ, ಎರಡನೇ ಪೀಳಿಗೆಯಲ್ಲಿ ಸಾವಿರಾರು ಗಿಡ ಜಾಲಾಡಿದರೂ ಬೇಕಾದದ್ದು ಒಂದೆರಡು ಸಿಕ್ಕರೆ ಪುಣ್ಯ. ಕಾರ್ಬೆಂಡಜಿಮ್ ಡಿಎನ್‌ಎ ಅಕ್ಷರ ತಿದ್ದುವ ಜಾತಿಯದ್ದೇ ಅಲ್ಲ.

ಆದರೂ ಎಲ್ಲಿ ನಿಜವಾದ ಅಪಾಯ ಇದೆ ಅನ್ನುವುದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಬೀಜ, ಸಸಿಯ ಬೇರು, ನಾಟಿಯ ಕಡ್ಡಿ ಇವನ್ನು ನೇರವಾಗಿ ಅದ್ದುವುದು ಒಂದು. ಎರಡನೆಯದು, ಮೊಗ್ಗು ಇನ್ನೂ ಮುಚ್ಚಿಕೊಂಡಿದ್ದು ಒಳಗೆ ಪರಾಗ ತಯಾರಾಗುವ ಹಂತ. ಆಗ ಕದಿರು ಕೆಟ್ಟರೆ ಪರಾಗ ಜೊಳ್ಳು, ಕಾಯಿ ಕಟ್ಟುವುದಿಲ್ಲ. ಸುಡು ಬಿಸಿಲೂ ಇದನ್ನೇ ಮಾಡುವುದರಿಂದ ಎಷ್ಟೋ ಸಲ ಔಷಧಿಯ ಮೇಲೆ ಸುಮ್ನೆ ಅಪವಾದ ಬರುತ್ತದೆ. ಮೂರನೆಯದು ಕಡ್ಡಿ, ಗಡ್ಡೆಯಿಂದ ಬೆಳೆಯುವ ಬೆಳೆ. ಅಲ್ಲಿ ಪರಾಗದ ಜರಡಿಯೇ ಇಲ್ಲ. ಒಂದು ಕಣ್ಣಿನಲ್ಲಿ ಆದ ಬದಲಾವಣೆ ಆ ಕಣ್ಣಿನಿಂದ ಬಂದ ಎಲ್ಲ ಗಿಡಕ್ಕೂ ಹೋಗುತ್ತದೆ. ಇನ್ನೊಂದು ಮೋಸವೂ ಅಲ್ಲೇ ಇದೆ. ಆಲೂಗಡ್ಡೆ ಗಿಡಕ್ಕೆ ಗ್ಲೈಫೋಸೇಟ್ ತಾಗಿದರೆ ಅದು ಗಡ್ಡೆಯಲ್ಲಿ ಹೋಗಿ ಕೂರುತ್ತದೆ. ಮುಂದಿನ ಬಾರಿ ಆ ಗಡ್ಡೆ ನೆಟ್ಟರೆ ಮೊಳಕೆ ಹೂಕೋಸಿನ ಹಾಗೆ ಗೊಂಚಲಾಗಿ ಬರುತ್ತದೆ. ನೋಡಿದವರು ತಳಿ ಕೆಟ್ಟಿತು ಅನ್ನುತ್ತಾರೆ. ಕೆಟ್ಟದ್ದು ತಳಿಯಲ್ಲ, ಒಳಗೆ ಔಷಧಿ ಉಳಿದಿದೆ ಅಷ್ಟೇ.

ಹಣ್ಣು ತಿಂದರೆ? ಗಿಡದ ವರ್ಣತಂತು ಮುರಿದಿದ್ದರೂ ತಿಂದವರ ವರ್ಣತಂತು ಮುರಿಯುವುದಿಲ್ಲ. ಪ್ರತಿ ತುತ್ತಿನಲ್ಲೂ ಗಿಡದ ಡಿಎನ್‌ಎ ಇರುತ್ತದೆ, ಹೊಟ್ಟೆ ಅದನ್ನು ಜೀರ್ಣಿಸುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಹಣ್ಣಿನಲ್ಲಿ ಔಷಧಿಯ ಶೇಷ ಇದೆಯೇ? ಬಿತ್ತನೆಯಲ್ಲಿ ಬಳಸಿದ ಕಾರ್ಬೆಂಡಜಿಮ್ ಗಿಡ ಇಷ್ಟು ಬೆಳೆದ ಮೇಲೆ ಹಣ್ಣಿನಲ್ಲಿ ಲೆಕ್ಕಕ್ಕೆ ಬರುವಷ್ಟು ಉಳಿದಿರುವುದು ಕಷ್ಟ. 2,4-ಡಿ ತಾಗಿದ ಸಾಲುಗಳ ಬಗ್ಗೆ ಮಾತ್ರ ನಾನು ಉದಾರವಾಗಿ ಇರಲಾರೆ. ಅದು ಟೊಮೆಟೊ ಮೇಲೆ ಹೊಡೆಯುವ ಔಷಧಿಯೇ ಅಲ್ಲ. ಹೊಡೆದು ಇಷ್ಟು ದಿನ ಬಿಟ್ಟು ಕೊಯ್ಯಿರಿ ಎಂಬ ಅಳತೆಯೂ ಅದಕ್ಕಿಲ್ಲ. ಆ ಸಾಲಿನ ಹಣ್ಣನ್ನು ಶೇಷ ಪರೀಕ್ಷೆ ಮಾಡಿಸದೆ ತಿನ್ನಬೇಡಿ, ಮಾರಲೂ ಬೇಡಿ.

ಶೇಷದ ಮಾತು ಬಂದಾಗ ಇನ್ನೊಂದು. ನೀವು ಗಿಡದ ಕೋಶದ ಬಗ್ಗೆ ಇಷ್ಟು ಯೋಚಿಸಿದ್ದೀರಿ. ಎರಡು ಪಟ್ಟು ಔಷಧಿಯನ್ನು ನೀರಿಗೆ ಕಲಸಿದ್ದು ಬರಿಗೈಯಲ್ಲಾ? ಔಷಧಿ ಹೊಡೆಯುವವರ ರಕ್ತದ ಕೋಶಗಳಲ್ಲಿ, ನಿಮ್ಮ ಮಗಳು ಹುಡುಕಬೇಕಾದ ಅದೇ ಮರಿ ಕೋಶಕೇಂದ್ರಗಳು ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕೈಗವಸು ಹಾಕಿಕೊಳ್ಳಿ.

ಈಗ ಏನು ಮಾಡಬಹುದು? ನೆನೆಸಿ ಮಿಕ್ಕ ಬೀಜ ಇದ್ದರೆ ಇಟ್ಟುಕೊಳ್ಳಬೇಡಿ. ತಳಿ ಕೆಟ್ಟಿದೆ ಅಂತಲ್ಲ, ಕಸುವು ಹೋಗಿದೆ ಅಂತ. ಜನ, ಜಾನುವಾರು, ಹಕ್ಕಿ ಬಾಯಿಗೆ ಸಿಗದ ಹಾಗೆ ಹೂತುಬಿಡಿ, ಬಾವಿ ಕೆರೆಯ ಹತ್ತಿರ ಬೇಡ. ನೆನೆಸದೆ ಇಟ್ಟಿರುವ ಬೀಜಕ್ಕೆ ಔಷಧಿಯಿಂದ ಏನೂ ಆಗಿಲ್ಲ. ಅನುಮಾನ ಉಳಿದರೆ 100 ಬೀಜ ಎಣಿಸಿ ಒದ್ದೆ ಕಾಗದದಲ್ಲಿ ಸುತ್ತಿಡಿ. ಪಕ್ಕದಲ್ಲಿ ಹೊಸ ಪ್ಯಾಕೆಟಿನ 100 ಇಡಿ. ಹತ್ತು ಹನ್ನೆರಡು ದಿನದಲ್ಲಿ ಎಷ್ಟು ಮೊಳೆತವು, ಬೇರು ನೇರವಾಗಿದೆಯೇ ನೋಡಿ.

ಮೊಳಕೆ ಚೆನ್ನಾಗಿದ್ದರೂ ಹಣ್ಣು ಒಂದೇ ಸಮ ಬರುವುದಿಲ್ಲ ಅನ್ನುವುದು ನೆನಪಿರಲಿ. ಮಾರಾಟಕ್ಕೆ ಬೆಳೆಯುವುದಾದರೆ ಹೊಸ ಹೈಬ್ರಿಡ್ ಬೀಜ ತರುವುದು ವಾಸಿ. ಸ್ವಂತ ಬೀಜವೇ ಬೇಕು ಅಂದರೆ ಹೈಬ್ರಿಡ್ ಅಲ್ಲದ ಸ್ಥಿರ ತಳಿ ಹಿಡಿಯಿರಿ. ಮೂರನೇ ದಾರಿಯೂ ಇದೆ, ನನಗೆ ಇಷ್ಟವಾದದ್ದು. ಈಗಿರುವ ಚೆಲ್ಲಾಪಿಲ್ಲಿ ಹೊಲದಲ್ಲಿ ಅತ್ಯುತ್ತಮ ಒಂದು ಗಿಡ ಗುರುತಿಸಿ, ಅದರ ಬೀಜ ಬಿತ್ತಿ, ಅದರಲ್ಲಿ ಮತ್ತೆ ಒಳ್ಳೆಯದನ್ನು ಆರಿಸುತ್ತ ಹೋಗಿ. ಆರೇಳು ಪೀಳಿಗೆಯಲ್ಲಿ ನಿಮ್ಮದೇ ತಳಿ ನಿಲ್ಲುತ್ತದೆ. ಅಷ್ಟು ತಾಳ್ಮೆ ಬೇಕು. ಹೈಬ್ರಿಡ್‌ನಲ್ಲಿದ್ದ ರೋಗ ತಡೆಯುವ ಗುಣ ದಾರಿಯಲ್ಲಿ ಕಳೆದುಹೋಗುವ ಅಪಾಯವೂ ಇದೆ.

ತಿರುಚಿದ ಸಾಲುಗಳನ್ನು ಈಗಲೇ ಕೀಳಬೇಡಿ. ಎರಡು ಮೂರು ವಾರ ನೋಡಿ. ಹೊಸ ಚಿಗುರು ಅಗಲವಾಗಿ ಬಂದರೆ ಗಿಡ ಚೇತರಿಸಿಕೊಂಡಿತು. ನೀರು ಸರಿಯಾಗಿ ಕೊಡಿ, ಅದರ ಮೇಲೆ ಇನ್ನೊಂದು ಟಾನಿಕ್ ಹೊಡೆಯಬೇಡಿ. ಕುಡಿಯೇ ಒಣಗಿದ್ದರೆ ಕಿತ್ತುಬಿಡಿ. ಕಿತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. 2,4-ಡಿ ಬೇಗ ಕರಗುತ್ತದೆ, ನಿಜ. ಆದರೆ ಅದೇ ಗುಂಪಿನ ಕ್ಲೋಪೈರಾಲಿಡ್‌ನಂಥವು ಹುಲ್ಲು, ಸಗಣಿ, ಕಾಂಪೋಸ್ಟ್ ಎಲ್ಲ ದಾಟಿ ಬಂದು ಮತ್ತೆ ಟೊಮೆಟೊ ತಿರುಚಿಸುತ್ತವೆ. ಯಾರು ಏನು ಬೆರೆಸಿ ಹೊಡೆದಿದ್ದರೋ ನಿಮಗೆ ಹೇಗೆ ಗೊತ್ತು? ಆ ಸಾಲಿನಿಂದ ಬೀಜ ತೆಗೆಯುವ ಆಸೆಯೂ ಬೇಡ. ಇಂಥ ಹಾರ್ಮೋನ್ ತಾಗಿದ ಹಣ್ಣಿನಲ್ಲಿ ಎಷ್ಟೋ ಸಲ ಬೀಜವೇ ಇರುವುದಿಲ್ಲ.

ಕೊನೆಗೆ ಮಗಳಿಗೆ. ಅವಳು ಸಾದಾ ನೀರಿನಲ್ಲಿ ಇಟ್ಟ ಈರುಳ್ಳಿಯನ್ನೂ ನೋಡಿದ್ದಳಾ? ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ. ಬರೀ ನೀರಿನ ಬೇರಿನಲ್ಲೂ ಅಲ್ಲೊಂದು ಇಲ್ಲೊಂದು ಸೇತುವೆ ಸಿಗುತ್ತದೆ. ಅದನ್ನು ಕಳೆದೇ ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ನೀರು, ಔಷಧಿ ಒಂದೊಂದರಲ್ಲೂ ಐದು ಗಡ್ಡೆ ಇಡಲಿ, ಗಡ್ಡೆಗೆ ಸಾವಿರ ಕೋಶ ಎಣಿಸಲಿ, ಯಾವ ಸ್ಲೈಡು ಯಾವುದರದ್ದು ಎಂದು ಎಣಿಸುವಾಗ ಅವಳಿಗೆ ಗೊತ್ತಾಗದ ಹಾಗೆ ಬೇರೆಯವರು ನಂಬರ್ ಹಾಕಲಿ. ಆಮೇಲೆ ಔಷಧಿಯಲ್ಲಿ ಒಂದು ದಿನ ಇದ್ದ ಕೆಲವು ಗಡ್ಡೆಗಳನ್ನು ತೊಳೆದು ಸಾದಾ ನೀರಿಗೆ ಹಾಕಿ, ಎರಡು ದಿನ ಬಿಟ್ಟು ಮತ್ತೆ ನೋಡಲಿ. ಕದಿರು ಮರಳಿ ಕಟ್ಟಿಕೊಂಡಿದೆಯಾ, ಎಣಿಸಿದರೆ 16 ಇವೆಯಾ ಅಥವಾ 32 ಆಗಿವೆಯಾ, ಸೇತುವೆಗಳು ಎಷ್ಟು ಉಳಿದಿವೆ? ಬಣ್ಣವನ್ನು ಮಾತ್ರ ಮರೆಯದೆ ಸೋಸಿಕೊಳ್ಳಲಿ.